ಟ್ರಾನ್ಸ್‌ಮಿಟರಿನಿಂದ ಸಿಮ್ಯುಲೇಟರಿಗೆ: ಓದುಗರ ಪ್ರಶ್ನೆಗಳು

ರೇಡಿಯೊ ನಿಯಂತ್ರಿತ ಮಾದರಿ ವಿಮಾನವನ್ನು ಮೊದಲ ಸಲ ಹಾರಿಸಲು ಹೊರಡುವವರು ತಮ್ಮ ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನೇ ಕಂಪ್ಯೂಟರಿಗೆ ಜೋಡಿಸಿಕೊಂಡು, ಹಾರಾಟವನ್ನು ಪರದೆಯ ಮೇಲೆ ಅನುಕರಿಸುವ ಸಿಮ್ಯುಲೇಟರ್ ತಂತ್ರಾಂಶದಲ್ಲಿ ಅಭ್ಯಾಸ ಮಾಡಬೇಕೆಂದು ಕಳೆದ ತಿಂಗಳ ಅಂಕಣದಲ್ಲಿ ಒಂದೇ ವಾಕ್ಯದಲ್ಲಿ ಬರೆದಿದ್ದೆ. ಜೋಡಿಸುವುದು ಹೇಗೆಂದು ಹೇಳದೆ ಬಿಟ್ಟದ್ದು ಸರಿಯಾಗಲಿಲ್ಲ ಎಂಬುದು ಈ ತಿಂಗಳು ಬಂದ ಪತ್ರಗಳಿಂದ ತಿಳಿಯಿತು. ಮಳೆಯಿಂದಾಗಿ ಬಯಲಿಗೆ ಇಳಿಯಲಾಗದೆ ಮನೆಯಲ್ಲೇ ಉಳಿದ ಮುಂಬಯಿ, ಪುಣೆ, ಗೋವಾಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ಮಗನಿಗೆ ಆರು ಚಾನೆಲ್ಲಿನ ಫ್ಲೈಸ್ಕೈ ಎಫ್‌ಎಸ್-ಐ೬ ಟ್ರಾನ್ಸ್‌ಮಿಟರ್ ಕೊಡಿಸಿದ್ದೇನೆ. ಬುಧವಾರ ಪೇಠೆಯ ತಾಪಕೀರ ಗಲ್ಲಿಯಲ್ಲಿ ವಿಚಾರಿಸಿದರೆ ಒಬ್ಬರು ಕೇಬಲ್ ಸಾಕೆನ್ನುತ್ತಾರೆ, ಇನ್ನೊಬ್ಬರು ಡಾಂಗಲ್ ಬೇಕೇ ಬೇಕೆನ್ನುತ್ತಾರೆ. ಟ್ರಾನ್ಸ್‌ಮಿಟರಿನ ಹಿಂಬದಿಯ ದುಂಡನೆಯ ಸಾಕೆಟ್ಟಿನಿಂದ ಕಂಪ್ಯೂಟರಿನ ಯುಎಸ್‌ಬಿಗೆ ಬರೀ ತಂತಿ ಎಳೆದರೆ ಏಕೆ ಸಾಲದು? (ಕೋಥ್ರೂಡ್, ಪುಣೆ)

ಉತ್ತರ: ಆ ಸಾಕೆಟ್ಟು ಕಂಪ್ಯೂಟರಿಗಾಗಿ ಹುಟ್ಟಿದ್ದಲ್ಲ. ಕಲಿಸುವವರ ಮತ್ತು ಕಲಿಯುವವರ ಟ್ರಾನ್ಸ್‌ಮಿಟರುಗಳನ್ನು ಒಂದಕ್ಕೊಂದು ಜೋಡಿಸುವುದಕ್ಕಾಗಿ ಅದನ್ನು ಇಟ್ಟಿರುತ್ತಾರೆ. ಆದ್ದರಿಂದಲೇ ಅದರ ಹೆಸರು ಟ್ರೇನರ್ ಪೋರ್ಟ್. ಅದರಿಂದ ಹೊರಬರುವುದು ಪಿಪಿಎಂ ಎಂದು ಕರೆಯುವ, ಬಹಳ ಸರಳವಾದ ಒಂದು ಸಂಕೇತ. ತಾಳ ಹಾಕುವವರು ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಬಿಡುವ ಅಂತರವನ್ನು ನೆನೆದುಕೊಳ್ಳಿ. ಇಲ್ಲಿಯೂ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳು ಸಾಲಾಗಿ ಬರುತ್ತವೆ. ಮಿಡಿತದ ಎತ್ತರಕ್ಕೆ ಏನೂ ಅರ್ಥವಿಲ್ಲ, ಎರಡು ಮಿಡಿತಗಳ ನಡುವಿನ ಕಾಲಕ್ಕೆ ಮಾತ್ರ ಅರ್ಥವಿದೆ. ಸ್ಟಿಕ್ ಒಂದು ತುದಿಯಲ್ಲಿದ್ದರೆ ಆ ಕಾಲ ಸುಮಾರು ೧ ಮಿಲಿಸೆಕೆಂಡ್, ನಡುವಿನಲ್ಲಿದ್ದರೆ ೧.೫, ಇನ್ನೊಂದು ತುದಿಯಲ್ಲಿದ್ದರೆ ಸುಮಾರು ೨. ಒಂದೊಂದು ನಿಯಂತ್ರಣಕ್ಕೆ ಒಂದೊಂದು ಚಾನೆಲ್; ಮೊದಲ ಅಂತರ ಮೊದಲ ಚಾನೆಲ್ಲಿಗೆ, ಎರಡನೆಯದು ಎರಡನೆಯದಕ್ಕೆ, ಹೀಗೆ ಎಲ್ಲ ಚಾನೆಲ್ಲುಗಳೂ ಮುಗಿದ ಮೇಲೆ ಒಂದು ದೀರ್ಘವಾದ ವಿರಾಮ ಬರುತ್ತದೆ. ಅದನ್ನು ಕಂಡಾಗ ಕೇಳುವ ಕಡೆಯ ಉಪಕರಣವು ಇನ್ನು ಎಣಿಕೆಯನ್ನು ಮೊದಲಿಂದ ಆರಂಭಿಸಬೇಕೆಂದು ತಿಳಿದುಕೊಳ್ಳುತ್ತದೆ. ಈ ಇಡೀ ಸುತ್ತು ಸಾಮಾನ್ಯವಾಗಿ ೨೦ರಿಂದ ೨೨.೫ ಮಿಲಿಸೆಕೆಂಡುಗಳಲ್ಲಿ ಮುಗಿದು, ಮತ್ತೆ ಮೊದಲಾಗುತ್ತದೆ.

ಯುಎಸ್‌ಬಿಯ ರೀತಿಯೇ ಬೇರೆ. ಅಲ್ಲಿ ಜೋಡಿಸಿದ ವಸ್ತುವು ಮೊದಲು ತಾನು ಯಾರೆಂದು ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳಬೇಕು, ಬಳಿಕ ಕೇಳಿದಾಗಲೆಲ್ಲ ಅಂಕಿಗಳ ರೂಪದಲ್ಲಿ ಉತ್ತರ ಕೊಡಬೇಕು. ಮಿಡಿತಗಳ ನಡುವಿನ ಕಾಲವನ್ನು ಅಳೆದು ಅದನ್ನು ಜಾಯ್‌ಸ್ಟಿಕ್ಕಿನ ಅಂಕಿಗಳನ್ನಾಗಿ ಬದಲಿಸಿ ಹೇಳುವ ಒಂದು ಚಿಪ್ ನಡುವೆ ಇರಲೇಬೇಕು. ಡಾಂಗಲ್ ಎಂದರೆ ಇಷ್ಟೇ. ಈ ಚಿಪ್ಪನ್ನು ಕೇಬಲ್ಲಿನ ಯುಎಸ್‌ಬಿ ತುದಿಯೊಳಗೇ ಅಡಗಿಸಿ ಮಾರುವುದೂ ಉಂಟು. ಆದ್ದರಿಂದ ಕೇಬಲ್ ಸಾಕೆಂದವರೂ ಡಾಂಗಲ್ ಬೇಕೆಂದವರೂ ಒಂದೇ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿರಬಹುದು. ಕೊಳ್ಳುವಾಗ ನೀವು ಕೇಳಬೇಕಾದದ್ದು, ಇದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಜಾಯ್‌ಸ್ಟಿಕ್ ಎಂದು ಕಾಣಿಸಿಕೊಳ್ಳುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನು.

ನಿಮ್ಮ ಟ್ರಾನ್ಸ್‌ಮಿಟರಿನ ಸಾಕೆಟ್ಟು ನಾಲ್ಕು ಪಿನ್ನುಗಳ ಮಿನಿ-ಡಿನ್, ಹಳೆಯ ಟಿವಿಗಳ ಎಸ್-ವಿಡಿಯೊ ಸಾಕೆಟ್ಟಿನ ಆಕಾರದ್ದು. ಡಾಂಗಲ್ಲುಗಳಿಗೆ ಸಾಮಾನ್ಯವಾಗಿ ಇಯರ್‌ಫೋನಿನದರಂಥ ೩.೫ ಮಿಲಿಮೀಟರ್ ಜ್ಯಾಕ್ ಇರುತ್ತದೆ; ಜೊತೆಯಲ್ಲಿ ಬರುವ ತುಂಡು ಕೇಬಲ್ಲುಗಳಲ್ಲಿ ಒಂದು ನಿಮ್ಮ ಸಾಕೆಟ್ಟಿಗೆ ಹೊಂದಬೇಕು. ಈ ಪಿನ್ನುಗಳು ಬಹಳ ಮೆತುವಾದ್ದರಿಂದ ದಿಕ್ಕು ನೋಡದೆ ಒತ್ತಿದರೆ ಬಾಗಿಹೋಗುತ್ತವೆ. ಹಲವು ಸಿಮ್ಯುಲೇಟರುಗಳಿಗೆ ಒಗ್ಗುವಂತೆ ಮಾಡಿದ ಡಾಂಗಲ್ಲುಗಳಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದರ ಒಂದೊಂದು ಸ್ಥಾನದಲ್ಲಿ ಡಾಂಗಲ್ಲು ಒಂದೊಂದು ಸಿಮ್ಯುಲೇಟರಿನ ಸ್ವಂತ ಡಾಂಗಲ್ಲಿನಂತೆ ಪರಿಚಯ ಹೇಳಿಕೊಳ್ಳುವುದರಿಂದ, ಸ್ವಿಚ್ ಬದಲಿಸಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಕಿತ್ತು ಮತ್ತೆ ಸಿಕ್ಕಿಸಬೇಕು.

ಜೋಡಿಸಿದೊಡನೆ ಸಿಮ್ಯುಲೇಟರನ್ನು ತೆರೆಯಬೇಡಿ. ಮೊದಲು ಟ್ರಾನ್ಸ್‌ಮಿಟರಿನ ಮೇಲಿನ ಸ್ವಿಚ್ಚುಗಳನ್ನೆಲ್ಲ ಮೇಲಕ್ಕೂ ಥ್ರಾಟಲನ್ನು, ಅಂದರೆ ಎಂಜಿನ್ನಿನ ವೇಗದ ಸ್ಟಿಕ್ಕನ್ನು, ಪೂರ್ತಿ ಕೆಳಕ್ಕೂ ಇಟ್ಟು ಚಾಲೂ ಮಾಡಿ. ಅನಂತರ ವಿಂಡೋಸಿನ ಹುಡುಕುವ ಪಟ್ಟಿಯಲ್ಲಿ ಗೇಮ್ ಕಂಟ್ರೋಲರ್ ಎಂದು ಬರೆದು, ಅಲ್ಲಿ ತೆರೆದುಕೊಳ್ಳುವ ಕಿಟಕಿಯಲ್ಲಿ ನಿಮ್ಮ ಡಾಂಗಲ್ಲಿನ ಗುಣಲಕ್ಷಣಗಳನ್ನು ನೋಡಿ. ಹೆಸರೇ ಕಾಣಿಸದಿದ್ದರೆ ದೋಷ ಡಾಂಗಲ್ಲಿನಲ್ಲಿ ಅಥವಾ ಯುಎಸ್‌ಬಿ ಕಿಂಡಿಯಲ್ಲಿದೆ. ಹೆಸರು ಕಾಣಿಸಿಯೂ ಸ್ಟಿಕ್ ಅಲ್ಲಾಡಿಸಿದಾಗ ಆ ಕಿಟಕಿಯ ಸೂಚಕ ಪಟ್ಟಿಗಳು ಅಲ್ಲಾಡದಿದ್ದರೆ ಮಿಡಿತಗಳು ಡಾಂಗಲ್ಲಿನವರೆಗೆ ತಲುಪುತ್ತಿಲ್ಲ. ತುಂಡು ಕೇಬಲ್ಲನ್ನೂ ಟ್ರಾನ್ಸ್‌ಮಿಟರಿನ ಟ್ರೇನರ್ ಮೆನುವನ್ನೂ ಪರೀಕ್ಷಿಸಬೇಕು. ಇಲ್ಲಿ ಎಲ್ಲವೂ ಅಲ್ಲಾಡಿ ಸಿಮ್ಯುಲೇಟರಿನೊಳಗೆ ಮಾತ್ರ ವಿಮಾನ ಅಲ್ಲಾಡದಿದ್ದರೆ, ಚಾನೆಲ್ಲುಗಳನ್ನು ಹೊಂದಿಸುವ ಕೆಲಸವೊಂದೇ ಉಳಿದಿದೆ. ನನಗೆ ಬರುವ ದೂರುಗಳಲ್ಲಿ ಬಹುಪಾಲು ಈ ಕ್ರಮವನ್ನು ಬಿಟ್ಟು ನೇರವಾಗಿ ಸಿಮ್ಯುಲೇಟರಿನೊಳಗೆ ದೋಷ ಹುಡುಕಲು ಹೊರಟವರವು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಿಮ್ಯುಲೇಟರಿಗೆ ಜೋಡಿಸಿದ ಮಾತ್ರಕ್ಕೆ ಟ್ರಾನ್ಸ್‌ಮಿಟರ್ ರೇಡಿಯೊ ಅಲೆಗಳನ್ನು ಕಳುಹಿಸುವುದನ್ನು ನಿಲ್ಲಿಸುತ್ತದೆಂದು ನಂಬಿ ಕೂರಬಾರದು. ಪಕ್ಕದ ಮೇಜಿನ ಮೇಲೆ ಬ್ಯಾಟರಿ ಜೋಡಿಸಿದ ವಿಮಾನವಿದ್ದರೆ, ಪರದೆಯ ಮೇಲೆ ವಿಮಾನವನ್ನು ಏರಿಸಲು ನಿಮ್ಮ ಮಗ ಥ್ರಾಟಲ್ ಮುಂದೂಡಿದ ಕ್ಷಣದಲ್ಲೇ ನಿಜವಾದ ಪ್ರೊಪೆಲರ್ ಕೂಡ ತಿರುಗೀತು. ವಿಮಾನದ ಬ್ಯಾಟರಿಯನ್ನು ಕಳಚಿಟ್ಟ ಮೇಲೆಯೇ ಅಭ್ಯಾಸಕ್ಕೆ ಕೂರಬೇಕು.

ಮಗ ಎಂಜಿನಿಯರಿಂಗ್ ಓದುತ್ತಿರುವುದರಿಂದ, ಅವನಿಗೆ ಆಸಕ್ತಿಯಿದ್ದರೆ ಡಾಂಗಲ್ಲನ್ನು ಮನೆಯಲ್ಲೇ ಮಾಡಬಹುದು. ಎಟಿಮೆಗಾ ೩೨ಯು೪ ಚಿಪ್ ಇರುವ ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಬೋರ್ಡುಗಳು ತಾವೇ ಯುಎಸ್‌ಬಿ ಜಾಯ್‌ಸ್ಟಿಕ್ ಆಗಬಲ್ಲವು; ಸಾಮಾನ್ಯವಾಗಿ ಸಿಗುವ ಊನೊ ಬೋರ್ಡಿನ ಮುಖ್ಯ ಚಿಪ್ಪಿಗೆ ಆ ಸಾಮರ್ಥ್ಯವಿಲ್ಲ. ಮಿಡಿತದ ತಂತಿಯನ್ನು, ಮಿಡಿತ ಬಂದೊಡನೆ ಚಿಪ್ಪನ್ನು ಎಚ್ಚರಿಸುವ ಇಂಟರಪ್ಟ್ ಪಿನ್ನಿಗೂ ಗ್ರೌಂಡನ್ನು ಗ್ರೌಂಡಿಗೂ ಜೋಡಿಸಿ, ಎರಡು ಮಿಡಿತಗಳ ನಡುವಿನ ಮೈಕ್ರೊಸೆಕೆಂಡುಗಳನ್ನು ಎಣಿಸಿದರೆ ಕೆಲಸದ ಮುಖ್ಯ ಭಾಗ ಮುಗಿಯಿತು. ಮೇಲೆ ವಿವರಿಸಿದ ಸಂಕೇತವನ್ನು ತನ್ನ ಕೈಯಿಂದಲೇ ಅಳೆದು ನೋಡುವುದರಿಂದ ಅವನಿಗೆ ಆಗುವ ಲಾಭ ಡಾಂಗಲ್ಲಿನ ಬೆಲೆಗಿಂತ ದೊಡ್ಡದೆಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಡಾಂಗಲ್ಲೇ ಇಲ್ಲದೆ ಮೈಕ್ ಸಾಕೆಟ್ಟಿನ ಮೂಲಕ ಟ್ರಾನ್ಸ್‌ಮಿಟರನ್ನು ಜೋಡಿಸಬಹುದೆಂದು ಕೇಳಿ, ಅಣ್ಣನ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಮಾಡಿ ನೋಡಿದೆ, ಆಯಿತು. ಅದೇ ಕೇಬಲ್ಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಏನೂ ಬರುವುದಿಲ್ಲ. (ಡೊಂಬಿವಲಿ)

ಉತ್ತರ: ಮಿಡಿತಗಳನ್ನು ಶಬ್ದವೆಂಬಂತೆ ಮೈಕ್ ಸಾಕೆಟ್ಟಿನಿಂದ ಒಳಗೆ ತೆಗೆದುಕೊಂಡು, ಸ್ಮಾರ್ಟ್‌ಪ್ರೊಪೊಪ್ಲಸ್ ಎಂಬ ತಂತ್ರಾಂಶದಿಂದ ಅವುಗಳನ್ನು ಬಿಡಿಸಿ, ವಿಜಾಯ್ ಎಂಬ ಕಾಲ್ಪನಿಕ ಜಾಯ್‌ಸ್ಟಿಕ್ಕಿಗೆ ಕೊಡುವುದು ವಿಂಡೋಸಿನಲ್ಲಿ ಬಹುಕಾಲದಿಂದ ನಡೆದುಬಂದ ಉಪಾಯ. ನಿಮ್ಮ ತೊಂದರೆಯ ಮೂಲ ಸಾಕೆಟ್ಟಿನಲ್ಲಿದೆ. ಡೆಸ್ಕ್‌ಟಾಪಿನಲ್ಲಿ ಮೈಕಿಗೆಂದೇ ಪ್ರತ್ಯೇಕ ಸಾಕೆಟ್ಟು ಇರುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಹೆಡ್‌ಸೆಟ್ಟಿಗಾಗಿ ಮಾಡಿದ ಒಂದೇ ಸಾಕೆಟ್ಟು. ಅದಕ್ಕೆ ಹಾಕುವ ಜ್ಯಾಕಿನ ತುದಿಯ ಎರಡು ಉಂಗುರಗಳು ಎರಡು ಕಿವಿಗಳಿಗೆ ಶಬ್ದವನ್ನು ಹೊರಕಳುಹಿಸುತ್ತವೆ, ಮೂರನೆಯದು ಗ್ರೌಂಡ್, ಬುಡದಲ್ಲಿರುವ ನಾಲ್ಕನೆಯದು ಮಾತ್ರ ಮೈಕ್. ನಿಮ್ಮ ಕೇಬಲ್ಲಿನ ಸಂಕೇತವಿರುವುದು ಜ್ಯಾಕಿನ ತುದಿಯಲ್ಲಿ. ಅದು ಹೋಗಿ ಮುಟ್ಟುವುದು ಎಡಗಿವಿಯ ಶಬ್ದ ಹೊರಬರುವ ಸ್ಥಳವನ್ನು, ಮೈಕನ್ನಲ್ಲ. ಲ್ಯಾಮಿಂಗ್ಟನ್ ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುವ, ಮೈಕ್ ಮತ್ತು ಹೆಡ್‌ಫೋನುಗಳನ್ನು ಬೇರ್ಪಡಿಸುವ ಕವಲು ಅಡಾಪ್ಟರನ್ನು ತಂದು ಅದರ ಮೈಕ್ ಕಿಂಡಿಗೆ ಹಾಕಿ.

ಆಮೇಲೆ ಧ್ವನಿಯ ಸೆಟ್ಟಿಂಗಿನಲ್ಲಿ ಗದ್ದಲವನ್ನು ತಗ್ಗಿಸುವ, ಪ್ರತಿಧ್ವನಿಯನ್ನು ಅಳಿಸುವ, ಮಟ್ಟವನ್ನು ತಾನಾಗಿ ಏರಿಳಿಸುವ ಸೌಲಭ್ಯಗಳನ್ನೆಲ್ಲ ನಿಲ್ಲಿಸಿ. ಮನುಷ್ಯರ ಮಾತನ್ನು ತಿಳಿಗೊಳಿಸುವುದಕ್ಕೆಂದು ಮಾಡಿದ ಆ ಸೌಲಭ್ಯಗಳು ಟ್ರಾನ್ಸ್‌ಮಿಟರಿನ ಮಿಡಿತಗಳನ್ನು ಗದ್ದಲವೆಂದು ಎಣಿಸಿ ಅಳಿಸಿಬಿಡುತ್ತವೆ. ಮೈಕಿನ ಮಟ್ಟವನ್ನು ಕಡಿಮೆಯಿಂದ ಮೇಲಕ್ಕೆ ಸ್ವಲ್ಪಸ್ವಲ್ಪವೇ ಏರಿಸುತ್ತ, ಪಟ್ಟಿಗಳು ನಡುಗದೆ ನಿಲ್ಲುವ ಜಾಗದಲ್ಲಿ ಬಿಡಿ. ಹೀಗೆ ಮಾಡಿ ವಿಮಾನವನ್ನು ಹಾರಿಸಬಹುದು. ಆದರೆ ಶಬ್ದದ ದಾರಿಯಲ್ಲಿ ಕೈಗೂ ಪರದೆಗೂ ನಡುವೆ ಒಂದಿಷ್ಟು ತಡವೂ ಸೇರಿಕೊಳ್ಳಬಹುದು. ಹೆಲಿಕಾಪ್ಟರನ್ನು ಒಂದೇ ಕಡೆ ನಿಲ್ಲಿಸಲು ಹೊರಟಾಗ ಅದು ಬೆರಳಿಗೆ ತಿಳಿಯುತ್ತದೆ. ದೀರ್ಘಕಾಲ ಅಭ್ಯಾಸ ಮಾಡುವ ಮನಸ್ಸಿದ್ದರೆ ಡಾಂಗಲ್ಲಿಗೆ ಬದಲಾಯಿಸಿಕೊಳ್ಳುವುದು ಲೇಸು.

ಪ್ರಶ್ನೆ: ಹೊಸ ಟ್ರಾನ್ಸ್‌ಮಿಟರಿನಲ್ಲಿ ಯುಎಸ್‌ಬಿ-ಸಿ ಕಿಂಡಿಯಿದೆ. ಕಂಪ್ಯೂಟರಿಗೆ ಜೋಡಿಸಿದರೆ ಚಾರ್ಜ್ ಆಗುತ್ತದೆಯೇ ಹೊರತು ಜಾಯ್‌ಸ್ಟಿಕ್ ಎಂದು ತೋರಿಸುವುದಿಲ್ಲ. (ಅಂಧೇರಿ, ಮುಂಬಯಿ)

ಉತ್ತರ: ಎರಡು ಸಾಧ್ಯತೆಗಳಿವೆ. ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ತಿನ ತಂತಿಗಳು ಮಾತ್ರ ಇದ್ದು ಮಾಹಿತಿಯ ತಂತಿಗಳಿರುವುದಿಲ್ಲ. ಫೋನಿನಿಂದ ಚಿತ್ರಗಳನ್ನು ಕಂಪ್ಯೂಟರಿಗೆ ಸಾಗಿಸಬಲ್ಲ ಕೇಬಲ್ಲನ್ನು ಬಳಸಿ ನೋಡಿ. ಹಾಗೆಯೇ ಕೆಲವು ಟ್ರಾನ್ಸ್‌ಮಿಟರುಗಳಲ್ಲಿ ಒಂದೇ ಬಗೆಯ ಎರಡು ಕಿಂಡಿಗಳಿದ್ದು, ಒಂದು ಚಾರ್ಜಿಗೆ ಮಾತ್ರ, ಇನ್ನೊಂದು ಮಾಹಿತಿಗೆ ಮೀಸಲಾಗಿರುತ್ತದೆ. ನಿಮ್ಮದು ಓಪನ್‌ಟಿಎಕ್ಸ್ ಅಥವಾ ಎಡ್ಜ್‌ಟಿಎಕ್ಸ್ ತಂತ್ರಾಂಶದ ಟ್ರಾನ್ಸ್‌ಮಿಟರಾಗಿದ್ದರೆ, ಅದನ್ನು ಮೊದಲು ಚಾಲೂ ಮಾಡಿ ಆಮೇಲೆ ಕೇಬಲ್ ಸಿಕ್ಕಿಸಿ. ಪರದೆಯಲ್ಲಿ ಮೂಡುವ ಆಯ್ಕೆಗಳಲ್ಲಿ ಜಾಯ್‌ಸ್ಟಿಕ್ ಎಂಬುದನ್ನು ಆರಿಸಿ. ಸಿಮ್ಯುಲೇಟರಿಗೆಂದೇ ಒಂದು ಹೊಸ ಮಾಡೆಲ್ (ಒಂದು ವಿಮಾನದ ಸೆಟ್ಟಿಂಗುಗಳನ್ನು ಟ್ರಾನ್ಸ್‌ಮಿಟರಿನಲ್ಲಿ ಉಳಿಸಿಡುವ ಜಾಗ) ತೆರೆದು ಅದರಲ್ಲಿ ರೇಡಿಯೊ ಮಾಡ್ಯೂಲನ್ನು ನಿಲ್ಲಿಸಿಬಿಟ್ಟರೆ ಬ್ಯಾಟರಿಯೂ ಉಳಿಯುತ್ತದೆ, ನಾನು ಮೇಲೆ ಹೇಳಿದ ಪ್ರೊಪೆಲರಿನ ಅಪಾಯವೂ ತಪ್ಪುತ್ತದೆ.

ಪ್ರಶ್ನೆ: ಹಡಗಿನ ಕೆಲಸದಿಂದ ನಿವೃತ್ತನಾಗಿ ಊರಿನಲ್ಲಿದ್ದೇನೆ. ಇಪ್ಪತ್ತು ವರ್ಷಗಳ ಹಿಂದೆ ವಿದೇಶದಲ್ಲಿ ಕೊಂಡ ಫುಟಾಬಾ ಟ್ರಾನ್ಸ್‌ಮಿಟರ್ ಪೆಟ್ಟಿಗೆಯಲ್ಲಿದೆ. ಅದರಿಂದ ಇನ್ನು ವಿಮಾನ ಹಾರಿಸುವ ಯೋಚನೆಯಿಲ್ಲ. ಮೊಮ್ಮಗನೊಂದಿಗೆ ಸಿಮ್ಯುಲೇಟರಿನಲ್ಲಿ ಬಳಸಲಾದೀತೇ? (ವಾಸ್ಕೊ, ಗೋವಾ)

ಉತ್ತರ: ಖಂಡಿತವಾಗಿ ಆಗುತ್ತದೆ, ಮತ್ತು ಈ ಪತ್ರವನ್ನು ಓದಿ ನನಗೆ ಬಹಳ ಸಂತೋಷವಾಯಿತು. ರೇಡಿಯೊ ಭಾಗ ಎಷ್ಟೇ ಹಳೆಯದಾದರೂ ಟ್ರೇನರ್ ಸಾಕೆಟ್ಟಿನಿಂದ ಬರುವ ಮಿಡಿತಗಳು ಇಂದಿಗೂ ಅದೇ ಭಾಷೆಯವು. ಆದರೆ ಸಮುದ್ರದ ಗಾಳಿಯಲ್ಲಿ ಇಷ್ಟು ವರ್ಷ ಇದ್ದ ವಸ್ತುವಾದ್ದರಿಂದ ಮೊದಲು ಬ್ಯಾಟರಿಯ ಮುಚ್ಚಳವನ್ನು ತೆರೆದು ನೋಡಿ. ಆ ಕಾಲದ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳು ಸೋರಿ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅವುಗಳನ್ನು ಬಳಸಬೇಡಿ, ಮನೆಯ ಕಸದ ಜೊತೆಗೂ ಹಾಕಬೇಡಿ. ಸಂಪರ್ಕದ ಪಟ್ಟಿಗಳನ್ನು ಶುಚಿಮಾಡಿ, ಹೊಸ ಬ್ಯಾಟರಿಯ ವೋಲ್ಟೇಜನ್ನು ಟ್ರಾನ್ಸ್‌ಮಿಟರಿನ ಮೇಲೆ ಬರೆದಿರುವುದಕ್ಕೆ ಹೊಂದಿಸಿಕೊಳ್ಳಿ. ಸ್ಟಿಕ್ ಮುಟ್ಟದಿದ್ದರೂ ಪರದೆಯ ಪಟ್ಟಿ ನಡುಗುತ್ತಿದ್ದರೆ ಸ್ಟಿಕ್ಕಿನ ಕೆಳಗಿದ್ದು ಅದರ ಸ್ಥಾನವನ್ನು ಅಳೆಯುವ ಪೊಟೆನ್ಶಿಯೊಮೀಟರಿನಲ್ಲಿ ಕಿಲುಬು ಸೇರಿದೆಯೆಂದು ಅರ್ಥ. ಕಾಂಟ್ಯಾಕ್ಟ್ ಕ್ಲೀನರನ್ನು ಒಂದೆರಡು ಹನಿ ಬಿಟ್ಟು ಸ್ಟಿಕ್ಕನ್ನು ನೂರಾರು ಸಲ ಆಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಫುಟಾಬಾದ ಹಳೆಯ ಮಾದರಿಗಳಲ್ಲಿ ಟ್ರೇನರ್ ಸಾಕೆಟ್ಟು ಆರು ಪಿನ್ನುಗಳ ದುಂಡು ಡಿನ್, ಅನಂತರದವುಗಳಲ್ಲಿ ಚಿಕ್ಕದಾದ ಚೌಕಾಕಾರದ್ದು. ಕೊಳ್ಳುವ ಮೊದಲು ಸಾಕೆಟ್ಟಿನ ಫೋಟೊ ತೆಗೆದು ಅಂಗಡಿಯವರಿಗೆ ತೋರಿಸಿ. ಮೆನುವಿನಲ್ಲಿ ಪಿಸಿಎಂ ಮತ್ತು ಪಿಪಿಎಂ ಎಂಬ ಎರಡು ಆಯ್ಕೆಗಳಿದ್ದರೆ ಪಿಪಿಎಂ ಎಂಬುದನ್ನೇ ಇಡಬೇಕು. ಕೆಲವು ಮಾದರಿಗಳಲ್ಲಿ ಕೇಬಲ್ ಸಿಕ್ಕಿಸಿದೊಡನೆ ಮಿಡಿತಗಳನ್ನು ಹುಟ್ಟಿಸುವ ಭಾಗಕ್ಕೆ ಮಾತ್ರ ವಿದ್ಯುತ್ತು ಹರಿಯುವುದರಿಂದ ಪವರ್ ಸ್ವಿಚ್ ಹಾಕುವ ಅಗತ್ಯವೇ ಇರುವುದಿಲ್ಲ. ಮೊದಲು ಹಾಗೆಯೇ ಪರೀಕ್ಷಿಸಿ, ಏಕೆಂದರೆ ಆಂಟೆನಾ ಮಡಚಿಟ್ಟು ರೇಡಿಯೊ ಭಾಗವನ್ನು ಗಂಟೆಗಟ್ಟಲೆ ಓಡಿಸುವುದು ಅದಕ್ಕೆ ಒಳ್ಳೆಯದಲ್ಲ. ಹಳೆಯ ಟ್ರಾನ್ಸ್‌ಮಿಟರಿನ ಸಂಕೇತದ ವೋಲ್ಟೇಜನ್ನು ಅಳೆಯದೆ ಅದನ್ನು ಮನೆಯಲ್ಲಿ ಮಾಡಿದ ಆರ್ಡುಯಿನೊ ಡಾಂಗಲ್ಲಿಗೆ ನೇರವಾಗಿ ಜೋಡಿಸಬಾರದು. ಸಿಮ್ಯುಲೇಟರಿಗೆ ಖರ್ಚು ಮಾಡಬೇಕಾಗಿಲ್ಲ; ಪಿಕಾಸಿಮ್ ಉಚಿತವಾಗಿ ಸಿಗುತ್ತದೆ, ಮುಕ್ತ ತಂತ್ರಾಂಶವಾದ ಸಿಆರ್‌ಆರ್‌ಸಿಸಿಮ್ ಲಿನಕ್ಸಿನಲ್ಲಿಯೂ ನಡೆಯುತ್ತದೆ.

ಪ್ರಶ್ನೆ: ಸಿಮ್ಯುಲೇಟರಿನಲ್ಲಿ ವಿಮಾನಗಳು ಸರಿಯಾಗಿ ಹಾರುತ್ತವೆ. ಹೆಲಿಕಾಪ್ಟರ್ ಆರಿಸಿದರೆ, ಮೇಲೇರಿಸಲು ಎಡ ಸ್ಟಿಕ್ಕನ್ನು ಮುಂದೂಡಿದೊಡನೆ ಅದು ತಾನಾಗಿ ಒಂದು ಕಡೆಗೆ ವಾಲಿ ಬೀಳುತ್ತದೆ. (ಚಿಂಚವಡ)

ಉತ್ತರ: ಟ್ರಾನ್ಸ್‌ಮಿಟರಿನಲ್ಲಿ ನೀವು ನಿಮ್ಮ ನಿಜವಾದ ಹೆಲಿಕಾಪ್ಟರಿನ ಮಾಡೆಲನ್ನೇ ಬಳಸುತ್ತಿದ್ದೀರಿ ಎಂದು ತೋರುತ್ತದೆ. ನಿಜವಾದ ಯಂತ್ರದಲ್ಲಿ, ರೋಟರಿನ ಅಲಗುಗಳ ಓರೆಯನ್ನು ಬದಲಿಸುವ ಸ್ವಾಶ್‌ಪ್ಲೇಟನ್ನು ೧೨೦ ಡಿಗ್ರಿ ಅಂತರದಲ್ಲಿ ಕುಳಿತ ಮೂರು ಸರ್ವೊಗಳು, ಅಂದರೆ ಪುಟ್ಟ ಮೋಟರುಗಳು, ಹೊತ್ತಿರುತ್ತವೆ. ಮೇಲೇರಲು ಮೂರೂ ಒಟ್ಟಿಗೆ ಏಳಬೇಕು, ವಾಲಲು ಒಂದು ಎದ್ದು ಇನ್ನೊಂದು ಇಳಿಯಬೇಕು. ಈ ಮಿಶ್ರಣವನ್ನು ಟ್ರಾನ್ಸ್‌ಮಿಟರೇ ಲೆಕ್ಕಹಾಕಿ ಕಳುಹಿಸುತ್ತದೆ. ಸಿಮ್ಯುಲೇಟರಿಗೆ ಬೇಕಾಗಿರುವುದಾದರೋ ಮಿಶ್ರಣವಾಗದ, ಒಂದು ಚಾನೆಲ್ಲಿಗೆ ಒಂದೇ ಸ್ಟಿಕ್ಕಿನ ಚಲನೆ. ಈಗ ಮೇಲೇರುವ ಚಲನೆಯು ಐಲರಾನ್ (ಪಕ್ಕಕ್ಕೆ ವಾಲಿಸುವ), ಎಲಿವೇಟರ್ (ಹಿಂದೆ-ಮುಂದೆ ವಾಲಿಸುವ) ಚಾನೆಲ್ಲುಗಳಲ್ಲಿಯೂ ಬೆರೆತು ಬರುತ್ತಿರುವುದರಿಂದ ಸಿಮ್ಯುಲೇಟರ್ ಅದನ್ನು ವಾಲುವ ಆಜ್ಞೆಯೆಂದು ಓದುತ್ತಿದೆ. ಹೊಸ ಮಾಡೆಲ್ ತೆರೆದು ಅದನ್ನು ಸಾಧಾರಣ ವಿಮಾನವೆಂದು ಗುರುತಿಸಿ, ಇಲ್ಲವೇ ಹೆಲಿಕಾಪ್ಟರಿನಲ್ಲೇ ಮಿಶ್ರಣವಿಲ್ಲದ ಎಚ್-೧ ಸ್ವಾಶ್‌ಪ್ಲೇಟ್ ಆರಿಸಿ. ಟ್ರಿಮ್‌ಗಳೆಲ್ಲ ಸೊನ್ನೆ, ಚಲನೆಯ ವ್ಯಾಪ್ತಿ ನೂರಕ್ಕೆ ನೂರು ಇರಲಿ; ನಡುಭಾಗದಲ್ಲಿ ಸ್ಟಿಕ್ಕಿನ ಪರಿಣಾಮವನ್ನು ಮೃದುಗೊಳಿಸುವ ಎಕ್ಸ್‌ಪೊ ಇರಬಾರದು. ಬಳಿಕ ಸಿಮ್ಯುಲೇಟರಿನಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಚಾನೆಲ್ಲುಗಳ ಅನುಕ್ರಮವೂ ಒಂದೊಂದು ಕಂಪನಿಯದು ಒಂದೊಂದು ರೀತಿ. ಫುಟಾಬಾ, ಫ್ಲೈಸ್ಕೈಗಳಲ್ಲಿ ಐಲರಾನ್ ಮೊದಲ ಚಾನೆಲ್. ಜೆಆರ್, ಸ್ಪೆಕ್ಟ್ರಮ್‌ಗಳಲ್ಲಿ ಥ್ರಾಟಲ್ ಮೊದಲು. ಸ್ನೇಹಿತರ ಸೆಟ್ಟಿಂಗಿನ ಕಡತವನ್ನು ಹಾಗೆಯೇ ನಕಲು ಮಾಡಿಕೊಂಡವರಿಗೆ ಬಲ ಸ್ಟಿಕ್ಕಿನಿಂದ ಎಂಜಿನ್ನಿನ ವೇಗ ಏರುವ ವಿಚಿತ್ರ ಅನುಭವವಾಗುವುದು ಇದರಿಂದಲೇ.

ಪ್ರಶ್ನೆ: ಹದಿಮೂರು ವರ್ಷದ ಮಗಳು ದಿನವೂ ಸಿಮ್ಯುಲೇಟರಿನಲ್ಲಿ ಹಾರಿಸುತ್ತಾಳೆ. ಅವಳಿಗಿರುವುದು ಆಟದ ಗೇಮ್‌ಪ್ಯಾಡ್. ಟ್ರಾನ್ಸ್‌ಮಿಟರನ್ನೇ ಕೊಡಿಸಬೇಕೆ? ಇದೆಲ್ಲ ನಿಜವಾದ ಹಾರಾಟಕ್ಕೆ ಉಪಯೋಗವಾಗುತ್ತದೆಯೇ? (ಠಾಣೆ)

ಉತ್ತರ: ಕೊಡಿಸಿ. ಗೇಮ್‌ಪ್ಯಾಡಿನ ಪುಟ್ಟ ಸ್ಟಿಕ್ಕುಗಳು ಬೆರಳು ಬಿಟ್ಟೊಡನೆ ನಡುವಿಗೆ ಮರಳುತ್ತವೆ. ಟ್ರಾನ್ಸ್‌ಮಿಟರಿನ ಥ್ರಾಟಲ್ ಇಟ್ಟಲ್ಲೇ ನಿಲ್ಲುತ್ತದೆ. ನಾನು ಕಲಿಯುವಾಗ ತಿಂಗಳುಗಟ್ಟಲೆ ಕೀಬೋರ್ಡಿನಲ್ಲಿ ಅಭ್ಯಾಸ ಮಾಡಿ, ಪುಣೆಯ ಹೊರವಲಯದ ಬಯಲಿನಲ್ಲಿ ಮೊದಲ ವಿಮಾನವನ್ನು ಏರಿಸಿದೆ. ಅದು ತಿರುಗಿ ನನ್ನ ಕಡೆಗೆ ಬರುವಾಗ ಎಡ-ಬಲಗಳು ಅದಲುಬದಲಾದವು. ಬುದ್ಧಿಗೆ ಅದು ಗೊತ್ತಿದ್ದರೂ ಬೆರಳುಗಳಿಗೆ ಗೊತ್ತಿರಲಿಲ್ಲ. ಆರು ವಾರ ಕುಳಿತು ಕಟ್ಟಿದ ವಿಮಾನ ಅರೆ ನಿಮಿಷದಲ್ಲಿ ನೆಲಕ್ಕಪ್ಪಳಿಸಿತು. ಬಯಲಿಗೆ ಒಯ್ಯುವ ಟ್ರಾನ್ಸ್‌ಮಿಟರಿನಲ್ಲೇ ಅಭ್ಯಾಸವಾಗಬೇಕೆಂದು ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತಿರುವುದು ಈ ಕಾರಣಕ್ಕೆ. ಕೊಳ್ಳುವಾಗ ಮೋಡ್ ೨ ಎಂಬುದನ್ನು, ಅಂದರೆ ಥ್ರಾಟಲ್ ಎಡಗೈಗೆ ಬರುವಂಥದ್ದನ್ನು ಕೇಳಿ ಪಡೆಯಿರಿ. ನಮ್ಮಲ್ಲಿ ಕಲಿಸುವವರಲ್ಲಿ ಹೆಚ್ಚಿನವರು ಬಳಸುವುದು ಅದನ್ನೇ.

ಉಪಯೋಗದ ಬಗ್ಗೆ ಹೇಳುವುದಾದರೆ, ನಮ್ಮ ಈ ಮೂರು ಕಡೆಗಳಲ್ಲಿಯೂ ಹಾರಿಸಲು ಜಾಗ ಸುಲಭವಾಗಿ ಸಿಗುವುದಿಲ್ಲ. ಮುಂಬಯಿಯ ವಿಮಾನ ನಿಲ್ದಾಣ ನಗರದ ನಡುವೆಯೇ ಇದೆ. ಪುಣೆಯದು ಲೋಹಗಾಂವ್ ವಾಯುಪಡೆಯ ನೆಲೆಯಲ್ಲಿದೆ. ಗೋವೆಯ ದಾಬೋಳಿ ವಿಮಾನ ನಿಲ್ದಾಣ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯಲ್ಲಿದೆ. ೨೦೨೧ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿದ್ದು, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬಯಲಿಗೆ ಹೋಗುವ ಮೊದಲು, ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಲೇಬೇಕು. ದೂರದ ಜಾಗಕ್ಕೆ ತಿಂಗಳಿಗೊಮ್ಮೆ ಹೋಗಿ ಹತ್ತು ನಿಮಿಷ ಹಾರಿಸುವ ಮಗುವಿಗೆ, ನಡುವಿನ ದಿನಗಳಲ್ಲಿ ಮನೆಯ ಅಭ್ಯಾಸವಿಲ್ಲದಿದ್ದರೆ ಪ್ರತಿಸಲವೂ ಮೊದಲಿಂದ ಆರಂಭಿಸಿದಂತಾಗುತ್ತದೆ.

ಸಿಮ್ಯುಲೇಟರಿನಲ್ಲಿ ಅವಳು ಬೀಳಿಸಿದೊಡನೆ ಹೊಸ ವಿಮಾನ ಸಿಗುವುದರಿಂದ ಸಾಹಸದ ಸುರುಳಿಗಳ ಕಡೆಗೇ ಮನಸ್ಸು ಹೋಗುತ್ತದೆ. ಅದರ ಬದಲು ನಿಧಾನವಾಗಿ ಹಾರುವ, ರೆಕ್ಕೆ ಮೇಲಿರುವ ಟ್ರೇನರ್ ವಿಮಾನವನ್ನು ಆರಿಸಿ, ಎಡಕ್ಕೂ ಬಲಕ್ಕೂ ಒಂದೇ ಎತ್ತರದ ಸುತ್ತುಗಳನ್ನು, ತನ್ನ ಕಡೆಗೆ ಬರುವ ಹಾರಾಟವನ್ನು, ಅಡ್ಡಗಾಳಿಯಲ್ಲಿ ಇಳಿಸುವುದನ್ನು ದಿನಕ್ಕೆ ಇಪ್ಪತ್ತು ನಿಮಿಷ ಮಾಡಲಿ. ಸಾಲಾಗಿ ಹತ್ತು ಸಲ ಮುರಿಯದೆ ಇಳಿಸಿದ ಮೇಲೆ ಅನುಭವಿಗಳ ಬಳಿ ಕರೆದುಕೊಂಡು ಹೋಗಿ. ಕಂಪ್ಯೂಟರಿಗೆ ಜೋಡಿಸುತ್ತಿದ್ದ ಅದೇ ಟ್ರೇನರ್ ಪೋರ್ಟನ್ನು ಅಲ್ಲಿ ಅವರ ಟ್ರಾನ್ಸ್‌ಮಿಟರಿಗೆ ಜೋಡಿಸಬಹುದು. ಮಗಳ ಕೈ ತಪ್ಪಿದ ಕ್ಷಣದಲ್ಲಿ ಅವರು ಒಂದು ಸ್ವಿಚ್ಚಿನಿಂದ ವಿಮಾನವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಬೇಕಾದ ಕೇಬಲ್ ಬೇರೆಯದು, ಅದರೊಳಗೆ ಚಿಪ್ ಇರುವುದಿಲ್ಲ. ಕಲಿಸುವವರ ಬಳಿ ಯಾವ ಟ್ರಾನ್ಸ್‌ಮಿಟರ್ ಇದೆಯೆಂದು ಈಗಲೇ ವಿಚಾರಿಸಿಕೊಂಡು, ಅದರೊಂದಿಗೆ ಹೊಂದುವ ಮಾದರಿಯನ್ನೇ ಮಗಳಿಗೆ ಕೊಳ್ಳಿ.